ತಪ್ಪಿದ್ದು ಅಕ್ಷರವಲ್ಲ, ಲೆಕ್ಕ

ಡಾಕ್ಟರರ ಕೈಬರಹದ ಬಗ್ಗೆ ನಮ್ಮಲ್ಲಿ ಜೋಕುಗಳಿಗೆ ಬರವಿಲ್ಲ. ಔಷಧಿಯ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟೂ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು. ಒಳ್ಳೆಯದೇ. ಆದರೆ ಔಷಧಿ ಬರೆಯುವಾಗಿನ ತಪ್ಪಿನ ಕಡೆ ಆಸ್ಪತ್ರೆಗಳು ಕಣ್ಣು ತೆರೆದು ನೋಡುವಂತೆ ಮಾಡಿದ ಸಾವಿನ ಕಥೆಯೇ ಬೇರೆ.

ಬೆಟ್ಸಿ ಲೇಮನ್ 'ಬಾಸ್ಟನ್ ಗ್ಲೋಬ್' ಪತ್ರಿಕೆಯ ಆರೋಗ್ಯ ಅಂಕಣಕಾರ್ತಿ. ವಯಸ್ಸು 39. ಸ್ತನ ಕ್ಯಾನ್ಸರಿಗೆ ಅದೇ ಊರಿನ ಹೆಸರಾಂತ ಡೇನಾ-ಫಾರ್ಬರ್ ಸಂಸ್ಥೆಯಲ್ಲಿ ಚಿಕಿತ್ಸೆ. ಗಂಡ ಅಲ್ಲಿಯೇ ವಿಜ್ಞಾನಿ. ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧಿಯನ್ನು ನಾಲ್ಕು ದಿನಕ್ಕೆ ಹಂಚಿ ಕೊಡಬೇಕಿತ್ತು. ನಾಲ್ಕೂ ದಿನದ ಮೊತ್ತ ದಿನವೊಂದರ ಲೆಕ್ಕಕ್ಕೆ ಬರೆಯಲ್ಪಟ್ಟು, ನಾಲ್ಕೂ ದಿನ ಅಷ್ಟಷ್ಟೇ ಮೈಗೆ ಹೋಯಿತು. 1994ರ ಡಿಸೆಂಬರ್ 3ರಂದು ಆಕೆ ತೀರಿಕೊಂಡರು. ಫಾರ್ಮಸಿಯವರು, ನರ್ಸುಗಳು ಯಾರೂ ತಡೆಯಲಿಲ್ಲ. ಹೈ ಡೋಸ್ ಪ್ರಯೋಗ ನಡೆಯುವ ವಾರ್ಡಿನಲ್ಲಿ ದೊಡ್ಡ ಅಂಕಿ ನೋಡಿ ನೋಡಿ ಕಣ್ಣಿಗೆ ರೂಢಿಯಾಗಿಬಿಟ್ಟಿರುತ್ತದಲ್ಲ. ಎರಡು ತಿಂಗಳ ಮೇಲೆ, ಪ್ರಯೋಗದ ದಾಖಲೆಗಳನ್ನು ತಾಳೆ ನೋಡುವಾಗ ಸಂಗತಿ ಹೊರಬಿತ್ತು. ಇನ್ನೊಬ್ಬ ರೋಗಿಗೂ ಹೀಗೇ ಆಗಿತ್ತು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಹೊರತಂದ ವರದಿ ಶುರುವಾಗುವುದೇ ಬೆಟ್ಸಿಯ ಹೆಸರಿನಿಂದ. ಆಸ್ಪತ್ರೆಯ ತಪ್ಪುಗಳಿಂದ ಆ ದೇಶದಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಾರೆಂಬ ಅದರ ಅಂದಾಜು ಎಲ್ಲರನ್ನೂ ಬೆಚ್ಚಿಬೀಳಿಸಿತು. ಚೀಟಿ ಬಿಟ್ಟು ಕಂಪ್ಯೂಟರಿನಲ್ಲೇ ಔಷಧಿ ಬರೆಯುವ ಪದ್ಧತಿಗೆ ಬಲ ಬಂತು. ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ ಗಂಭೀರ ತಪ್ಪುಗಳು ಶೇ 55ರಷ್ಟು ಇಳಿದಿದ್ದನ್ನು ಡೇವಿಡ್ ಬೇಟ್ಸ್ ತಂಡ 1998ರಲ್ಲೇ ತೋರಿಸಿತ್ತು.

ಕಂಪ್ಯೂಟರ್ ತನ್ನದೇ ತಪ್ಪುಗಳನ್ನೂ ತಂದಿತು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಅಂಥ 22 ಬಗೆ ಪತ್ತೆಯಾದವು. ಅದು 2005ರ ಅಧ್ಯಯನ. ಒಂದಂತೂ ಮಜವಾಗಿದೆ. ಪರದೆಯ ಮೇಲೆ ಕಾಣುತ್ತಿದ್ದದ್ದು ಫಾರ್ಮಸಿಯಲ್ಲಿ ದಾಸ್ತಾನಿದ್ದ ಮಾತ್ರೆಯ ಅಳತೆ. ಡಾಕ್ಟರರು ಅದನ್ನೇ ಕೊಡಬೇಕಾದ ಡೋಸ್ ಎಂದುಕೊಳ್ಳುತ್ತಿದ್ದರು! ಒಬ್ಬ ರೋಗಿಯ ಎಲ್ಲ ಔಷಧಿ ನೋಡಬೇಕೆಂದರೆ ಕೆಲವೊಮ್ಮೆ ಇಪ್ಪತ್ತು ಪರದೆ ತಿರುವಬೇಕಿತ್ತಂತೆ.

ಇನ್ನು, ಎಡವುವವರು ಹೊಸಬರೇ ಎಂಬ ನಂಬಿಕೆ. ಇಂಗ್ಲೆಂಡಿನ 19 ಆಸ್ಪತ್ರೆಗಳಲ್ಲಿ ಬರೆದ ಔಷಧಿಗಳನ್ನು 2009ರಲ್ಲಿ ಮುಗಿದ ಅಧ್ಯಯನವೊಂದು ಜರಡಿ ಹಿಡಿದಾಗ ಶೇ 8.9ರಲ್ಲಿ ತಪ್ಪು ಸಿಕ್ಕಿತು. ಹಿರಿಯ ಕನ್ಸಲ್ಟೆಂಟರೂ ಹೊರತಾಗಿರಲಿಲ್ಲ. ಹೆಚ್ಚಿನವು ರೋಗಿಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದವು. ಹಿಡಿದವರಲ್ಲಿ ಮುಖ್ಯರು ಫಾರ್ಮಸಿಸ್ಟರು. ಆ ದೇಶದಲ್ಲಿ ಅವರು ವಾರ್ಡಿಗೇ ಬಂದು ಚಾರ್ಟ್ ತಿದ್ದುವವರು, ರೂಢಿಯಂತೆ ಹಸಿರು ಶಾಯಿಯಲ್ಲಿ.

ನಮ್ಮಲ್ಲಿ ಫಾರ್ಮಸಿಸ್ಟ್ ಎಂದರೆ ಕೌಂಟರಿನ ಆಚೆ ನಿಂತವರು. ಅವರನ್ನು ವಾರ್ಡಿಗೆ ಕರೆತರುವ ಓದು ದೇಶದಲ್ಲಿ ಬೇರೂರಿದ ಮೊದಲ ಕಡೆಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜೂ ಒಂದು, 1990ರ ದಶಕದಲ್ಲಿ. 2008ರಲ್ಲಿ ಫಾರ್ಮ್.ಡಿ. ಕೋರ್ಸ್ ಬಂತು. ಆರು ವರ್ಷ ಓದಿ ಬಂದ ಹುಡುಗಿಯೊಬ್ಬಳು ರೌಂಡ್ಸ್‌ನಲ್ಲಿ ಕೇಸ್ ಶೀಟ್ ತಿರುವಿ, "ಸರ್, ಇದು ದಿನಕ್ಕಾ, ನಾಲ್ಕು ದಿನಕ್ಕಾ?" ಎಂದು ಕೇಳಿದರೆ ಪ್ರೊಫೆಸರರು ಮುಖ ಗಂಟಿಕ್ಕದೆ ಉತ್ತರಿಸುತ್ತಾರೆಯೇ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ.