ಸಾಸಿವೆ ಸೀಸೆಯ ಲೇಬಲ್ ಓದಿದ್ದೀರಾ?

ಫ್ರಾನ್ಸಿನ ಡಿಜಾನ್ ಊರಿನ ಹೆಸರು ಹೊತ್ತ ಮಸ್ಟರ್ಡ್ ಆ ಊರಿನದೇ ಆಗಬೇಕೆಂದಿಲ್ಲ. ಕಾಳು ಹೆಚ್ಚಾಗಿ ಕೆನಡಾದ್ದು. 2021ರಲ್ಲಿ ಅಲ್ಲಿ ಬರ ಬಿದ್ದು, 2022ರಲ್ಲಿ ಫ್ರಾನ್ಸಿನ ಅಂಗಡಿಗಳಲ್ಲೇ ಮಸ್ಟರ್ಡ್‌ಗೆ ಬರ ಬಂತು! ಡಿಜಾನ್ ಬಗೆಯದು ಮೂಗಿಗೇರುವ ಘಾಟು. ಅಮೆರಿಕದ ಹಳದಿ ಮಸ್ಟರ್ಡ್ ಬಿಳಿ ಸಾಸಿವೆಯದು, ಸೌಮ್ಯ. ಬಣ್ಣ ಮಾತ್ರ ನಮ್ಮ ಅರಿಶಿನದ್ದೇ.

ರುಚಿ ನಿಮ್ಮಿಷ್ಟ. ರಕ್ತದೊತ್ತಡ ಇರುವವರು ಉಪ್ಪಿನಂಶ ನೋಡಿಕೊಳ್ಳಿ. ಸಾಸಿವೆ ಅಲರ್ಜಿ ಇರುವವರಿಗಂತೂ ಲೇಬಲ್ ಪ್ರಾಣದ ಪ್ರಶ್ನೆ. ಯುರೋಪಿಯನ್ ಒಕ್ಕೂಟ, ಕೆನಡಾಗಳಲ್ಲಿ ಪೊಟ್ಟಣದ ತಿನಿಸಿಗೆ ಸಾಸಿವೆ ಬೆರೆಸಿದ್ದರೆ ಹೆಸರಿಸುವುದು ಕಡ್ಡಾಯ. ಅಮೆರಿಕದಲ್ಲಿ ಹಾಗಿಲ್ಲ, ಸಾಸ್, ಸಲಾಡ್ ಡ್ರೆಸಿಂಗ್‌ಗಳಲ್ಲಿ ಅದು ಬರೀ 'ಮಸಾಲೆ' ಎಂಬ ಪದದಡಿ ಅಡಗಿರಬಹುದು. ಅಲ್ಲಿರುವ ನಿಮ್ಮ ಮಕ್ಕಳಿಗೂ ತಿಳಿಸಿ. ತಿಂದೊಡನೆ ತುಟಿ ಊದಿಕೊಂಡು ಉಸಿರು ಕಟ್ಟಿದರೆ, ಮನೆಮದ್ದು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.