ವಿದೇಶ ವ್ಯಾಸಂಗಕ್ಕೆ ಪೂರ್ವಸಿದ್ಧತೆ

ವಿದ್ಯಾರ್ಜನೆಗಾಗಿ ಸಮುದ್ರ ದಾಟುವುದು ಧಾರವಾಡ ಸೀಮೆಗೆ ಹೊಸ ಸಂಗತಿಯಲ್ಲ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಾ. ಡಿ. ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿ, ಗಣಿತದಲ್ಲಿ ರ‍್ಯಾಂಗ್ಲರ್ ಎನಿಸಿಕೊಂಡರು. ಮರಳಿ ಬಂದು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಡಾ. ಎಸ್. ಸಿ. ನಂದೀಮಠರು ಲಂಡನ್ನಿಗೆ ಹೋದುದು ವೀರಶೈವ ಸಿದ್ಧಾಂತವನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡು. ಆ ಕುರಿತು ಅವರು ಬರೆದ ಆಂಗ್ಲ ಗ್ರಂಥವನ್ನು 1942ರಲ್ಲಿ ಧಾರವಾಡದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಪ್ರಕಟಿಸಿತು. ಈ ಇಬ್ಬರಿಗೂ ತಾವು ಏನನ್ನು ಕಲಿಯಬೇಕೆಂಬುದು ಮೊದಲು ಗೊತ್ತಿತ್ತು. ಎಲ್ಲಿಗೆ ಹೋಗಬೇಕೆಂಬುದು ಅದರಿಂದ ನಿರ್ಣಯವಾಯಿತು. ಇಂದಿನ ಬಹುಮಂದಿ ವಿದ್ಯಾರ್ಥಿಗಳು ದೇಶವನ್ನು ಮೊದಲು ಆರಿಸಿ ವಿಷಯವನ್ನು ಆಮೇಲೆ ಹುಡುಕುತ್ತಾರೆ. ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ನವನಗರದ ವಿದ್ಯಾರ್ಥಿಗೆ ಬೇಕಾದ ಕಚೇರಿಗಳು ದೂರವಿಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರವು ಹುಬ್ಬಳ್ಳಿಯಲ್ಲಿದೆ. ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡದಲ್ಲಿದೆ. 2009ರಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯವಂತೂ ನವನಗರದಲ್ಲಿಯೇ ಇದೆ. ಕೊರತೆ ಬೀಳುವುದು ಕಾಲ. ಆಗಸ್ಟ್-ಸೆಪ್ಟೆಂಬರಿನಲ್ಲಿ ಪಾಠ ಆರಂಭಿಸುವ ಅನೇಕ ವಿಶ್ವವಿದ್ಯಾಲಯಗಳು ಅದರ ಹಿಂದಿನ ಡಿಸೆಂಬರ್-ಜನವರಿಯಲ್ಲಿಯೇ ಅರ್ಜಿಯ ಬಾಗಿಲು ಮುಚ್ಚುತ್ತವೆ. ಆದುದರಿಂದ ಪದವಿಯ ಅಂತಿಮ ವರ್ಷಕ್ಕೆ ಕಾಲಿಡುವ ಮುನ್ನವೇ ಸಿದ್ಧತೆ ನಡೆದಿರಬೇಕು. ಟೋಫೆಲ್, ಐಇಎಲ್‌ಟಿಎಸ್ ಮುಂತಾದ ಆಂಗ್ಲಭಾಷಾ ಪರೀಕ್ಷೆಗಳ ಫಲಿತಾಂಶವು ಎರಡು ವರ್ಷಗಳವರೆಗೆ ಮಾನ್ಯವಾದ್ದರಿಂದ ಅವನ್ನು ಮುಂಚಿತವಾಗಿ ಬರೆದರೂ ನಷ್ಟವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಅವುಗಳಿಗೆ ಅಂಜಬೇಕಾಗಿಲ್ಲ. ದಿನಕ್ಕೊಂದು ಪುಟ ಬರೆದು ತಿದ್ದಿಸಿಕೊಳ್ಳುವ ಅಭ್ಯಾಸವೊಂದೇ ಸಾಕಷ್ಟು ದೂರ ಒಯ್ಯುತ್ತದೆ.

ಇನ್ನು ಹೆಸರಿನ ವಿಚಾರ. ಇದು ಕ್ಷುಲ್ಲಕವೆಂದು ತೋರಿದರೂ ಅತ್ಯಂತ ತೊಂದರೆ ಕೊಡುವುದು ಇದೇ. ನಮ್ಮ ಭಾಗದಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಎಂಬ ಕ್ರಮವುಂಟು. ಬಸವರಾಜ ಶಿವಪ್ಪ ಅಂಗಡಿ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಶಾಲೆಯ ದಾಖಲಾತಿಯಲ್ಲಿ ಅದು ಪೂರ್ಣವಾಗಿದ್ದು, ಆಧಾರ್ ಚೀಟಿಯಲ್ಲಿ ಅಡ್ಡಹೆಸರು ಮುಂದೆ ಬಂದು, ಪದವಿ ಪತ್ರದಲ್ಲಿ ತಂದೆಯ ಹೆಸರು ಬರಿಯ ಒಂದಕ್ಷರವಾಗಿರುತ್ತದೆ. ‘ಬಸವರಾಜ’ ಶಬ್ದದ ಕೊನೆಯ ಅಕಾರವು ಒಂದು ಕಾಗದದ ಆಂಗ್ಲ ಬರಹದಲ್ಲಿ ಉಳಿದು ಇನ್ನೊಂದರಲ್ಲಿ ಬಿದ್ದುಹೋಗಿರುತ್ತದೆ. ವ್ಯಾಕರಣದಲ್ಲಿ ಲೋಪಸಂಧಿಗೆ ಮನ್ನಣೆಯುಂಟು, ವೀಸಾ ಕಚೇರಿಯಲ್ಲಿ ಇಲ್ಲ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಸ್ಥಳವನ್ನು ಖಾಲಿ ಬಿಟ್ಟರೆ, ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರೇ ಅಡ್ಡಹೆಸರಿನ ಸ್ಥಳಕ್ಕೆ ಸರಿದು, ಮೊದಲ ಹೆಸರು ತಿಳಿಯದೆಂಬ ಅರ್ಥದ ‘ಎಫ್.ಎನ್.ಯು.’ ಎಂಬ ಅಕ್ಷರಗಳು ಮುದ್ರಿತವಾಗುತ್ತವೆ. ಜರ್ಮನಿಯ ವಿದ್ಯಾರ್ಥಿ ವೀಸಾ ಕೋರುವ ಭಾರತೀಯರಿಗೆ 2022ರ ನವೆಂಬರಿನಿಂದ ‘ಎಪಿಎಸ್’ ಎಂಬ ದಾಖಲೆ ಪರಿಶೀಲನಾ ಪತ್ರವು ಕಡ್ಡಾಯವಾಯಿತು. ಅಲ್ಲಿ ಅಂಕಪಟ್ಟಿಗಳನ್ನೆಲ್ಲ ಮುಂದಿಟ್ಟು ನೋಡುತ್ತಾರೆ. ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾಗುವ ಮೊದಲೇ ಮಕ್ಕಳ ಹೆಸರಿನ ಆಂಗ್ಲ ಕಾಗುಣಿತವನ್ನು ಪಾಲಕರು ಶಾಲೆಗೆ ಬಂದು ನೋಡಿ ಹೋಗುವುದು ಒಳಿತು.

ಅರ್ಜಿಯ ಜೀವಾಳವು ಉದ್ದೇಶಪತ್ರ. ತಾನು ಏನನ್ನು ಓದಿದ್ದೇನೆ, ಯಾವ ಪ್ರಶ್ನೆ ತನ್ನನ್ನು ಕಾಡುತ್ತಿದೆ, ಅದಕ್ಕೆ ಆ ವಿಶ್ವವಿದ್ಯಾಲಯವೇ ಏಕೆ ಬೇಕು ಎಂಬುದನ್ನು ಒಂದೆರಡು ಪುಟಗಳಲ್ಲಿ ಹೇಳತಕ್ಕ ಬರಹವಿದು. ಹಣ ಪಡೆದು ಇದನ್ನು ಬರೆದುಕೊಡುವವರಿದ್ದಾರೆ. ಅಂಥ ಪತ್ರಗಳಲ್ಲಿ ಬಾಲ್ಯದಿಂದಲೂ ಯಂತ್ರಗಳ ಮೇಲೆ ಮೋಹವಿತ್ತು ಎಂಬ ಒಂದೇ ವಾಕ್ಯವು ನೂರು ಹುಡುಗರ ಬಾಯಲ್ಲಿ ಬರುತ್ತದೆ. ಕುಂದಗೋಳದ ಹೊಲದಲ್ಲಿ ಮೆಣಸಿನ ಬೆಳೆಗೆ ತಗಲುವ ರೋಗವನ್ನು ಕಣ್ಣಾರೆ ಕಂಡ ರೈತನ ಮಗಳು ಸಸ್ಯರೋಗಶಾಸ್ತ್ರಕ್ಕೆ ಅರ್ಜಿ ಹಾಕುವುದಾದರೆ, ಆ ಹೊಲದ ಮಾತನ್ನೇ ಬರೆಯಲಿ. ಮೊದಲು ಕನ್ನಡದಲ್ಲಿ ಬರೆದು, ವಿಚಾರ ಸ್ಪಷ್ಟವಾದ ಬಳಿಕ ಆಂಗ್ಲಕ್ಕೆ ತಂದರೂ ಬಾಧಕವಿಲ್ಲ. ಶಿಫಾರಸು ಪತ್ರವನ್ನೂ ಹೆಸರುವಾಸಿಯಾದವರಿಗಿಂತ ತನ್ನ ಕೆಲಸವನ್ನು ಬಲ್ಲ ಅಧ್ಯಾಪಕರಿಂದ, ತಿಂಗಳೊಪ್ಪತ್ತು ಮುಂಚೆ, ವಿನಯದಿಂದ ಕೇಳಿಕೊಳ್ಳಬೇಕು.

ಕೊನೆಯದು ಹಣ. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕವಿಲ್ಲವೆಂಬುದು ನಿಜ. ಆದರೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಪ್ರತ್ಯೇಕ ಖಾತೆಯಲ್ಲಿ ಇಟ್ಟು ತೋರಿಸಬೇಕಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವು 11,904 ಯೂರೋ ಎಂದು ನಿಗದಿಯಾಯಿತು. ಫುಲ್‌ಬ್ರೈಟ್-ನೆಹರು, ಕಾಮನ್‌ವೆಲ್ತ್, ಚೀವನಿಂಗ್ ವೇತನಗಳೂ, ಪರಿಶಿಷ್ಟ ಜಾತಿ ಹಾಗೂ ಭೂಹೀನ ಕೃಷಿಕಾರ್ಮಿಕರ ಮಕ್ಕಳು ಮೊದಲಾದವರಿಗಾಗಿ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಉಂಟು. ಇವು ದೊರೆಯದವರಿಗೆ ಉಳಿಯುವುದು ಬ್ಯಾಂಕಿನ ಸಾಲ. ದೊಡ್ಡ ಸಾಲಕ್ಕೆ ಅಡವು ಕೇಳುತ್ತಾರೆ; ಕೃಷಿಭೂಮಿಯನ್ನು ಎಲ್ಲ ಬ್ಯಾಂಕುಗಳೂ ಒಪ್ಪುವುದಿಲ್ಲವಾದ್ದರಿಂದ ಇರುವ ಮನೆಯೇ ಅಡವು ಬೀಳುತ್ತದೆ, ಇಲ್ಲವೆ ಹೊಲ ಮಾರಾಟವಾಗುತ್ತದೆ. ಕಂತು ತುಂಬುವುದು ಓದು ಮುಗಿದ ಮೇಲೆ ಆರಂಭವಾದರೂ ಬಡ್ಡಿಯು ಹಣ ಕೈಗೆ ಬಂದ ದಿನದಿಂದಲೇ ಬೆಳೆಯುತ್ತದೆ ಎಂಬುದನ್ನು ಅನೇಕ ತಂದೆತಾಯಿಗಳಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಶುಲ್ಕ, ಊಟ, ಬಾಡಿಗೆ, ವಿಮಾನದರ, ಬಡ್ಡಿ ಇವಿಷ್ಟನ್ನೂ ರೂಪಾಯಿಯಲ್ಲಿ ಬರೆದ ಒಂದು ಹಾಳೆಯನ್ನು, ಉತಾರ ತೆಗೆಸಲು ಹೋಗುವ ಮೊದಲು, ಮಗನಾಗಲಿ ಮಗಳಾಗಲಿ ಹಿರಿಯರ ಮುಂದೆ ಓದಿ ತೋರಿಸತಕ್ಕದ್ದು.