ಸ್ಲೋ ಕುಕ್ಕರ್: ಆಯ್ಕೆ ಗ್ರಾಹಕರದು, ತಿಳಿವಳಿಕೆ ನೀಡುವ ಹೊಣೆ ವರ್ತಕರದು

ಗೃಹೋಪಯೋಗಿ ವಸ್ತುಗಳ ಅಂಗಡಿಗಳಿಗೆ ಬರುವ ಗ್ರಾಹಕರಲ್ಲಿ ಒಂದು ವರ್ಗವನ್ನು ವರ್ತಕರು ಸುಲಭವಾಗಿ ಗುರುತಿಸುತ್ತಾರೆ. ವಿದೇಶದಲ್ಲಿ ನೆಲೆಸಿರುವ ಮಕ್ಕಳ ಮನೆಯಲ್ಲಿ ನಾಲ್ಕಾರು ತಿಂಗಳು ಇದ್ದು ಹಿಂದಿರುಗಿದ ಹಿರಿಯರು ಅವರು. "ರಾತ್ರಿ ಕಾಳು, ನೀರು ಹಾಕಿಟ್ಟರೆ ಬೆಳಿಗ್ಗೆ ಬೆಂದಿರುತ್ತದೆ, ಸೀಟಿ ಗೀಟಿ ಏನೂ ಇಲ್ಲ. ಆ ಕುಕ್ಕರ್ ನಿಮ್ಮಲ್ಲಿ ಇದೆಯೇನಪ್ಪಾ?" ಎಂದು ಅವರು ಕೇಳುತ್ತಾರೆ. "ಇದೆ ಅಮ್ಮಾ, ಇಲ್ಲದಿದ್ದರೆ ತರಿಸಿಕೊಡುತ್ತೇವೆ" ಎಂಬ ಉತ್ತರ ಬರುತ್ತದೆ. ವ್ಯಾಪಾರ ಮುಗಿಯುತ್ತದೆ. ಆದರೆ ಹದಿನೈದು ದಿನಗಳಲ್ಲಿ ಅದೇ ಪೆಟ್ಟಿಗೆ ಅಂಗಡಿಗೆ ಹಿಂದಿರುಗಿದರೆ ಆಶ್ಚರ್ಯಪಡಬೇಕಾಗಿಲ್ಲ. ಬೇಳೆ ಬೇಯಲು ಏಳು ಗಂಟೆ ಹಿಡಿಯಿತು, ಸಾರು ನೀರಾಯಿತು, ಯಂತ್ರ ಕೆಟ್ಟಿದೆ ಎಂಬುದು ದೂರು. ಪರೀಕ್ಷಿಸಿದರೆ ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ. ಆ ಮನೆಗೆ ತಕ್ಕ ವಸ್ತುವನ್ನು ತಕ್ಕ ಮಾತಿನೊಡನೆ ಮಾರಿರಲಿಲ್ಲ ಎಂಬುದೇ ದೋಷ.

ಆದ್ದರಿಂದ ಈ ಉಪಕರಣದ ಹಿನ್ನೆಲೆ, ಅದು ಕೆಲಸ ಮಾಡುವ ಬಗೆ, ಆಯ್ಕೆಯ ಕ್ರಮ ಮತ್ತು ಎಚ್ಚರಿಕೆಗಳನ್ನು ವರ್ತಕರೂ ಸಣ್ಣ ಉದ್ಯಮಿಗಳೂ ಅರಿತಿರುವುದು ಅಗತ್ಯ.

ಕಾಳು ಬೇಯಿಸುವ ಪಾತ್ರೆಯಿಂದ ಮನೆಮಾತಿನವರೆಗೆ

ಸ್ಲೋ ಕುಕ್ಕರಿನ ಮೂಲಪುರುಷ ಅಮೆರಿಕದ ಷಿಕಾಗೋ ನಗರದ ಸಂಶೋಧಕ ಇರ್ವಿಂಗ್ ನ್ಯಾಕ್ಸನ್. ಆತನ ತಾಯಿಯ ಮನೆತನ ಲಿಥುವೇನಿಯಾದ ವಿಲ್ನಾ ನಗರದ ಯಹೂದಿ ಸಮುದಾಯಕ್ಕೆ ಸೇರಿದ್ದು. ಶನಿವಾರದ ಸಬ್ಬತ್ ದಿನ ಒಲೆ ಹೊತ್ತಿಸುವಂತಿಲ್ಲವಾದ್ದರಿಂದ, ಕಾಳು, ಮಾಂಸ, ತರಕಾರಿ ತುಂಬಿದ ಗಡಿಗೆಯನ್ನು ಶುಕ್ರವಾರ ಸಂಜೆಯೇ ಊರಿನ ಬೇಕರಿಗೆ ಒಯ್ದು, ಆರುತ್ತಿರುವ ಒಲೆಯೊಳಗೆ ಇರಿಸಿ ಬರುವ ಪದ್ಧತಿ ಅಲ್ಲಿತ್ತು. ತಾಯಿ ಹೇಳಿದ ಈ ಸಂಗತಿಯೇ ನ್ಯಾಕ್ಸನ್‌ಗೆ ಪ್ರೇರಣೆಯಾಯಿತು. ಪಾತ್ರೆಯ ಸುತ್ತ ಕಾಯಿಲ್ ಅಳವಡಿಸಿ ಸಮನಾದ ಮಂದ ಶಾಖ ಕೊಡುವ ವಿದ್ಯುತ್ ಕುಕ್ಕರಿಗೆ ಆತ 1936ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ. 1940ರಲ್ಲಿ ಹಕ್ಕು ದೊರೆಯಿತು.

ಆದರೆ ಆ ವಸ್ತು ಬಹುಕಾಲ ಕಾಳು ಬೇಯಿಸುವ ಪಾತ್ರೆ ಎಂಬ ಸೀಮಿತ ಹೆಸರಿನಲ್ಲೇ ಉಳಿಯಿತು. 1970ರಲ್ಲಿ ಕ್ಯಾನ್ಸಾಸ್ ಸಿಟಿಯ ರೈವಲ್ ಕಂಪನಿ ನ್ಯಾಕ್ಸನ್‌ನ ಉದ್ಯಮವನ್ನು ಖರೀದಿಸಿತು. ಕಂಪನಿಯ ಪಾಕಶಾಲೆಯಲ್ಲಿ ಗೃಹವಿಜ್ಞಾನ ತಜ್ಞೆ ಮೇಬಲ್ ಹೊವರ್ಡ್ ಅದರಲ್ಲಿ ಕಾಳಿನ ಹೊರತಾದ ಹತ್ತಾರು ಅಡುಗೆಗಳನ್ನು ಮಾಡಿ ನೋಡಿದರು. 1971ರಲ್ಲಿ ಹೊಸ ರೂಪ, ಹೊಸ ಬಣ್ಣ ಮತ್ತು ಪಾಕಪುಸ್ತಿಕೆಯೊಡನೆ ಅದು 'ಕ್ರಾಕ್ ಪಾಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವ ಮಹಿಳೆಯರ ಸಂಖ್ಯೆ ಆಗ ಅಮೆರಿಕದಲ್ಲಿ ಏರುತ್ತಿತ್ತು. 1971ರಲ್ಲಿ ಸುಮಾರು 20 ಲಕ್ಷ ಡಾಲರ್‌ಗಳಷ್ಟಿದ್ದ ಮಾರಾಟ 1975ರ ಹೊತ್ತಿಗೆ 9 ಕೋಟಿ 30 ಲಕ್ಷ ಡಾಲರ್‌ಗಳಿಗೆ ಮುಟ್ಟಿತೆಂದು ದಾಖಲಾಗಿದೆ. ತೊಳೆಯಲು ಅನುಕೂಲವಾಗುವಂತೆ ಹೊರತೆಗೆಯಬಹುದಾದ ಪಿಂಗಾಣಿ ಪಾತ್ರೆ 1974ರಲ್ಲಿ ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯಂತ್ರದ ಮೂಲತತ್ತ್ವ ಮೂವತ್ತು ವರ್ಷಗಳಲ್ಲಿ ಬದಲಾಗಲಿಲ್ಲ. ಅದನ್ನು ಯಾವ ಅಡುಗೆಗೆ, ಯಾವ ಮನೆಗೆ, ಹೇಗೆ ಬಳಸಬೇಕೆಂಬ ತಿಳಿವಳಿಕೆ ಪಾತ್ರೆಯ ಜೊತೆಗೆ ಮನೆ ಸೇರಿತು. ಆಗ ವ್ಯಾಪಾರ ಕುದುರಿತು.

ಮಂದ ಶಾಖದ ಅಡುಗೆ ನಮಗೂ ಹೊಸದಲ್ಲ. ಬೂದಿ ಮುಚ್ಚಿದ ಕೆಂಡದ ಮೇಲೆ ಹಾಲಿನ ಗಡಿಗೆ ಇಟ್ಟು ಕೆನೆಗಟ್ಟಿಸುತ್ತಿದ್ದ ಮನೆಗಳು ನಮ್ಮ ಹಳ್ಳಿಗಳಲ್ಲಿ ಹೇರಳವಾಗಿದ್ದವು. 1910ರ ಸುಮಾರಿಗೆ ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ ಅವರು ಇದ್ದಿಲಿನ ಶಾಖದಲ್ಲಿ ಹಬೆಯಿಂದ ಬೇಯಿಸುವ 'ಇಕ್ಮಿಕ್ ಕುಕ್ಕರ್' ರೂಪಿಸಿದ್ದರು.

ಕೆಲಸ ಮಾಡುವ ಬಗೆ

ಪ್ರೆಶರ್ ಕುಕ್ಕರಿನಲ್ಲಿ ಒತ್ತಡದಿಂದಾಗಿ ನೀರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ. ಆದ್ದರಿಂದ ಅಡುಗೆ ಬೇಗ ಮುಗಿಯುತ್ತದೆ. ಸ್ಲೋ ಕುಕ್ಕರಿನಲ್ಲಿ ಒತ್ತಡವಿಲ್ಲ. 150ರಿಂದ 300 ವ್ಯಾಟ್‌ಗಳ ಕಾಯಿಲ್ ದಪ್ಪ ಪಿಂಗಾಣಿ ಪಾತ್ರೆಯನ್ನು ಮೆಲ್ಲನೆ ಕಾಯಿಸಿ, ಹಲವು ಗಂಟೆಗಳ ಬಳಿಕ ಕುದಿಯುವ ಮಟ್ಟದ ಸಮೀಪಕ್ಕೆ ಒಯ್ಯುತ್ತದೆ. ಬಹುತೇಕ ಮಾದರಿಗಳಲ್ಲಿ 'ಲೋ' ಮತ್ತು 'ಹೈ' ಎರಡೂ ಕೊನೆಗೆ ಹೆಚ್ಚುಕಡಿಮೆ ಒಂದೇ ಉಷ್ಣತೆಯನ್ನು ಮುಟ್ಟುತ್ತವೆ. ವ್ಯತ್ಯಾಸವಿರುವುದು ಮುಟ್ಟಲು ಹಿಡಿಯುವ ಕಾಲದಲ್ಲಿ.

ಈ ದೀರ್ಘ ಶಾಖದಿಂದ ಮಾಂಸದ ಗಟ್ಟಿ ನಾರು ಕರಗಿ ಮೆತ್ತಗಾಗುತ್ತದೆ, ಮೂಳೆಯ ಸಾರ ನೀರಿಗೆ ಇಳಿಯುತ್ತದೆ, ತಳ ಹಿಡಿಯುವ ಭಯ ಕಡಿಮೆ. ಇನ್ನೊಂದೆಡೆ, ಮುಚ್ಚಳದೊಳಗಿನ ಹಬೆ ಹೊರಹೋಗದೆ ಮತ್ತೆ ನೀರಾಗಿ ಬೀಳುವುದರಿಂದ ಸಾರು ಇಂಗುವುದಿಲ್ಲ. ಒಲೆಯ ಮೇಲಿನ ಅಳತೆಯ ನೀರನ್ನೇ ಹಾಕಿದವರಿಗೆ ಸಾರು ನೀರಾಗುವುದು ಇದೇ ಕಾರಣದಿಂದ. ಪದೇ ಪದೇ ಮುಚ್ಚಳ ತೆರೆದರೆ ಸಂಗ್ರಹವಾದ ಶಾಖ ಹೊರಹೋಗಿ ಅಡುಗೆ ಮತ್ತಷ್ಟು ತಡವಾಗುತ್ತದೆ.

ನಮ್ಮ ಅಡುಗೆಗೆ ಎಲ್ಲಿ ಸಲ್ಲುತ್ತದೆ?

ಕಾಲು ಸೂಪು, ಮೂಳೆ ಸಾರು, ಹುರುಳಿಕಟ್ಟು, ಕುಚ್ಚಲಕ್ಕಿ ಗಂಜಿ, ಹಾಲಿನ ಪಾಯಸ ಇವು ಸ್ಲೋ ಕುಕ್ಕರಿಗೆ ಹೇಳಿ ಮಾಡಿಸಿದ ಅಡುಗೆಗಳು. ಉದುರಾದ ಅನ್ನ, ಪಲ್ಯ, ಮುದ್ದೆ ಇದರಲ್ಲಿ ಆಗುವ ಮಾತಲ್ಲ. ತೊಗರಿಬೇಳೆ ಬೇಯುತ್ತದೆಯಾದರೂ ಪ್ರೆಶರ್ ಕುಕ್ಕರ್ ಇರುವ ಮನೆಯಲ್ಲಿ ಅದಕ್ಕಾಗಿ ಗಂಟೆಗಟ್ಟಲೆ ಕಾಯುವವರು ವಿರಳ. ಹುಣಸೆಹಣ್ಣು, ಟೊಮೆಟೊಗಳ ಹುಳಿ ಮೊದಲೇ ಸೇರಿದರೆ ಕಾಳು ಬೇಯುವುದು ನಿಧಾನವಾಗುತ್ತದೆ. ಒಲೆಯ ಅಡುಗೆಗೆ ಅನ್ವಯಿಸುವ ಈ ನಿಯಮ ಇಲ್ಲಿ ಇನ್ನೂ ಮುಖ್ಯ. ತೆಂಗಿನಹಾಲು, ಮೊಸರುಗಳನ್ನು ಕೊನೆಗೆ ಬೆರೆಸಬೇಕು. ಒಗ್ಗರಣೆಯನ್ನು ಬೇರೆಯಾಗಿಯೇ ಮಾಡಬೇಕು.

ಆಯ್ಕೆಗೆ ಮುನ್ನ ಐದು ಪ್ರಶ್ನೆಗಳು

1. ಮನೆಯಲ್ಲಿ ಎಷ್ಟು ಜನ? ಪಾತ್ರೆ ಅರ್ಧದಿಂದ ಮೂರನೇ ಎರಡು ಭಾಗದವರೆಗೆ ತುಂಬಿದಾಗ ಮಾತ್ರ ಈ ಕುಕ್ಕರ್ ಸರಿಯಾಗಿ ಕೆಲಸ ಮಾಡುತ್ತದೆ. ಇಬ್ಬರೇ ಇರುವ ಮನೆಗೆ ಒಂದೂವರೆ ಎರಡು ಲೀಟರ್, ನಾಲ್ವರಿಗೆ ಮೂರೂವರೆ ಲೀಟರಿನ ಆಸುಪಾಸು ಸಾಕು. ದೊಡ್ಡದಿರಲಿ ಎಂದು ಆರು ಲೀಟರಿನದನ್ನು ಕೊಂಡು ಕಾಲುಭಾಗ ತುಂಬಿದರೆ ಅಡುಗೆ ಒಣಗಿ ಅಂಚು ಹತ್ತುತ್ತದೆ. ಅಮೆರಿಕದ ಮಾದರಿಗಳ ಮೇಲೆ ಅಳತೆ 'ಕ್ವಾರ್ಟ್' ಲೆಕ್ಕದಲ್ಲಿರುತ್ತದೆ. ಒಂದು ಕ್ವಾರ್ಟ್ ಎಂದರೆ ಸುಮಾರು 0.95 ಲೀಟರ್.

2. ಏನನ್ನು ಬೇಯಿಸುತ್ತಾರೆ? ಸಾರು, ಗಂಜಿ, ಕಾಳುಗಳಿಗೆ ದುಂಡನೆಯ ಪಾತ್ರೆ ಅನುಕೂಲ. ಇಡೀ ಕೋಳಿ ಅಥವಾ ದೊಡ್ಡ ಮಾಂಸದ ತುಂಡಿಗೆ ಅಂಡಾಕಾರದ್ದು ಬೇಕು.

3. ಅಡುಗೆ ಮುಗಿಯುವಾಗ ಮನೆಯಲ್ಲಿ ಯಾರಾದರೂ ಇರುತ್ತಾರೆಯೇ? ಇರುವುದಿಲ್ಲವಾದರೆ ಟೈಮರ್ ಇದ್ದು, ಅವಧಿ ಮುಗಿದೊಡನೆ ತಾನಾಗಿ 'ವಾರ್ಮ್' ಸ್ಥಿತಿಗೆ ಬರುವ ಮಾದರಿಯೇ ಬೇಕು. ಇರುವವರಿಗೆ ತಿರುಗಿಸುವ ಗುಂಡಿಯ ಸಾದಾ ಮಾದರಿ ಸಾಕು. ಅದರಲ್ಲಿ ಕೆಡುವ ಭಾಗಗಳೂ ಕಡಿಮೆ.

4. ಪಾತ್ರೆಯನ್ನು ಎತ್ತಿ ತೊಳೆಯುವವರು ಯಾರು? ತುಂಬಿದ ಪಿಂಗಾಣಿ ಪಾತ್ರೆ ಭಾರವಾದದ್ದು. ಮಂಡಿನೋವು, ಕೈನೋವು ಇರುವ ಹಿರಿಯರಿಗೆ ಚಿಕ್ಕದೇ ಲೇಸು. ಪಿಂಗಾಣಿಯ ಮೆರುಗಿನಲ್ಲಿ ಸೀಸ ಇಲ್ಲವೆಂಬ ಪರೀಕ್ಷಾ ಪತ್ರವನ್ನು ವರ್ತಕರು ಸರಬರಾಜುದಾರರಿಂದ ಕೇಳಿ ಪಡೆಯಬೇಕು. ಬಿಸಿ ಪಾತ್ರೆಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ ಎಂದು ಗ್ರಾಹಕರಿಗೆ ಹೇಳಬೇಕು.

5. ವಿದ್ಯುತ್ ಯಾವುದು, ಎಷ್ಟು ಹೊತ್ತು ಇರುತ್ತದೆ? ಅಮೆರಿಕದಿಂದ ತಂದ 120 ವೋಲ್ಟ್‌ಗಳ ಕುಕ್ಕರನ್ನು ನಮ್ಮ 230 ವೋಲ್ಟ್‌ಗಳ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ಕಾಯಿಲ್ ಮೂರೂವರೆ ಪಟ್ಟಿಗೂ ಮೀರಿದ ವಿದ್ಯುತ್ತನ್ನು ಎಳೆದು ಸುಟ್ಟುಹೋಗುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರಿನಿಂದ ವೋಲ್ಟೇಜು ಬದಲಾಗುವುದಿಲ್ಲ. ಇನ್ನು ಇನ್ವರ್ಟರಿನ ಲೆಕ್ಕ ಹೀಗಿದೆ: 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯ ಪೂರ್ಣ ಸಾಮರ್ಥ್ಯ 1,800 ವ್ಯಾಟ್-ಅವರ್. 200 ವ್ಯಾಟ್‌ಗಳ ಕುಕ್ಕರ್ ಎಂಟು ಗಂಟೆಯಲ್ಲಿ 1,600ನ್ನು ಬಳಸಿದರೆ ಬ್ಯಾಟರಿ ಬರಿದಾಗುತ್ತದೆ. ವಿದ್ಯುತ್ ಕಡಿತ ಹೆಚ್ಚಿರುವ ಊರಿನವರಿಗೆ ಸ್ಲೋ ಕುಕ್ಕರ್ ಬೇಡವೆನ್ನುವುದೇ ಪ್ರಾಮಾಣಿಕ ಸಲಹೆ.

ಖರ್ಚಿನ ಲೆಕ್ಕ

ಕಡಿಮೆ ವ್ಯಾಟ್ ಎಂಬ ಕಾರಣಕ್ಕೆ ಸ್ಲೋ ಕುಕ್ಕರ್ ಹಣ ಉಳಿಸುತ್ತದೆ ಎಂದು ಮಾರುವುದು ಸರಿಯಲ್ಲ. 200 ವ್ಯಾಟ್‌ಗಳಂತೆ ಎಂಟು ಗಂಟೆಗೆ 1.6 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ 9 ರೂಪಾಯಿ 60 ಪೈಸೆ. ಅದೇ ಕಾಳು ಪ್ರೆಶರ್ ಕುಕ್ಕರಿನಲ್ಲಿ ಅರ್ಧ ಗಂಟೆಯಲ್ಲಿ ಬೆಂದು, ಅದಕ್ಕೆ 100 ಗ್ರಾಂ ಅನಿಲ ಖರ್ಚಾಯಿತೆನ್ನೋಣ. 14.2 ಕಿಲೋ ಸಿಲಿಂಡರಿಗೆ 900 ರೂಪಾಯಿಯಾದರೆ ಆ ಖರ್ಚು ಸುಮಾರು 6 ರೂಪಾಯಿ 35 ಪೈಸೆ. ಸ್ಲೋ ಕುಕ್ಕರ್ ಉಳಿಸುವುದು ಒಲೆಯ ಮುಂದೆ ನಿಲ್ಲುವ ಸಮಯವನ್ನು. ಆ ಸಮಯಕ್ಕೆ ಬೆಲೆ ಇರುವ ಮನೆಗೆ ಅದು ಲಾಭದ ವಸ್ತು.

ಹೇಳದೆ ಬಿಡಬಾರದ ಎಚ್ಚರಿಕೆಗಳು

ಎಲ್ಲಕ್ಕಿಂತ ಮುಖ್ಯವಾದದ್ದು ರಾಜ್ಮಾ. ಹಸಿ ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಅಂಶವಿರುತ್ತದೆ. ಜೋರಾಗಿ ಕುದಿಸಿದಾಗ ಅದು ನಾಶವಾಗುತ್ತದೆ. ಸ್ಲೋ ಕುಕ್ಕರಿನ ಮಂದ ಶಾಖದಲ್ಲಿ ನಾಶವಾಗದೆ ಉಳಿಯಬಹುದು, 80 ಡಿಗ್ರಿಯಷ್ಟರಲ್ಲಿ ಅರೆಬೆಂದರೆ ಅದರ ತೀವ್ರತೆ ಹಸಿಕಾಳಿಗಿಂತಲೂ ಹೆಚ್ಚಬಹುದು. ಅಂತಹ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಕಾಣಿಸಿಕೊಳ್ಳಬಹುದು. ಕಾಳನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ನಂತರವೇ ಸ್ಲೋ ಕುಕ್ಕರಿಗೆ ಹಾಕಬೇಕು. ರಾತ್ರಿ ಕಾಳು, ನೀರು ಹಾಕಿ ಮಲಗುತ್ತೇವೆ ಎನ್ನುವ ಗ್ರಾಹಕರಿಗೆ ಈ ಮಾತನ್ನು ಬಿಲ್ಲು ಬರೆಯುವ ಮೊದಲೇ ಹೇಳಬೇಕು.

ಎರಡನೆಯದಾಗಿ, ಫ್ರೀಜರಿನ ಮಂಜುಗಟ್ಟಿದ ಮಾಂಸವನ್ನು ನೇರವಾಗಿ ಹಾಕಬಾರದು. 5ರಿಂದ 60 ಡಿಗ್ರಿಗಳ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಮಂಜುಗಟ್ಟಿದ ಮಾಂಸ ಆ ಹಂತದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಮೂರನೆಯದಾಗಿ, ಅಡುಗೆಯ ನಡುವೆ ಕರೆಂಟು ಹೋದಾಗ ಮನೆಯಲ್ಲಿದ್ದವರು ಕೂಡಲೇ ಒಲೆಯ ಮೇಲೆ ಅಡುಗೆ ಮುಗಿಸಬೇಕು. ಹೊರಗಿದ್ದು, ಕರೆಂಟು ಎಷ್ಟು ಹೊತ್ತು ಹೋಗಿತ್ತೆಂಬುದು ತಿಳಿಯದಿದ್ದರೆ, ನೋಡಲು ಚೆನ್ನಾಗಿದ್ದರೂ ಆ ಅಡುಗೆಯನ್ನು ಚೆಲ್ಲಬೇಕು. ತಂಗಳನ್ನು ಬಿಸಿಮಾಡಲು ಈ ಕುಕ್ಕರನ್ನು ಬಳಸಬಾರದು.

ಈ ಮಾತುಗಳನ್ನು ಹೇಳುವುದು ಕೇವಲ ಸೌಜನ್ಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮಿನ ಪ್ರಕಾರ, ವಸ್ತುವಿನ ಅಪಾಯ ಅಥವಾ ಸರಿಯಾದ ಬಳಕೆಯ ಬಗ್ಗೆ ತಯಾರಕರು ನೀಡಿದ ಎಚ್ಚರಿಕೆಗಳನ್ನು ಮಾರಾಟಗಾರರು ಗ್ರಾಹಕರಿಗೆ ತಲುಪಿಸದೆ, ಅದೇ ಕಾರಣದಿಂದ ಹಾನಿಯಾದಲ್ಲಿ, ಮಾರಾಟಗಾರರೂ ಹೊಣೆಗಾರರಾಗಬಹುದು. ಸರಿಯಾದ ಬಳಕೆಯ ಸೂಚನೆ, ಎಚ್ಚರಿಕೆಗಳನ್ನು ನೀಡದ ತಯಾರಕರಿಗೂ 84ನೇ ಕಲಮಿನಲ್ಲಿ ಹೊಣೆಯಿದೆ. ಇಂಗ್ಲಿಷಿನಲ್ಲೋ ಚೀನೀ ಭಾಷೆಯಲ್ಲೋ ಅಚ್ಚಾದ ಪುಸ್ತಿಕೆಯನ್ನು ಓದಲಾಗದ ಗ್ರಾಹಕರಿಗೆ, ಮೇಲಿನ ಎಚ್ಚರಿಕೆಗಳನ್ನು ಕನ್ನಡದಲ್ಲಿ ಒಂದು ಪುಟದಷ್ಟು ಅಚ್ಚು ಹಾಕಿಸಿ ಬಿಲ್ಲಿನೊಡನೆ ಕೊಡುವುದು ಅತ್ಯಲ್ಪ ಖರ್ಚಿನ ರಕ್ಷಣೆ.

ದಾಸ್ತಾನು ತರಿಸುವಾಗಲೂ ಎಚ್ಚರ ಬೇಕು. ಪ್ರೆಶರ್ ಕುಕ್ಕರ್‌ಗಳಿಗೆ 2021ರ ಫೆಬ್ರವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ವಿದ್ಯುತ್ ಉಪಕರಣಗಳ ಸುರಕ್ಷತೆ ಕುರಿತು ಕೇಂದ್ರ ಸರ್ಕಾರವು 2024 ಮತ್ತು 2025ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶಗಳನ್ನು ಹೊರಡಿಸಿತು. ಆಮದು ಮಾಡಿದ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ವಿಳಾಸ, ಮೂಲ ದೇಶ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಇವಿಲ್ಲದ ಅಗ್ಗದ ಸರಕು ಅಂಗಡಿಗೆ ಭಾರವೇ ಹೊರತು ಲಾಭವಲ್ಲ.

ಸಣ್ಣ ಉದ್ಯಮಿಗಳಿಗೊಂದು ಅವಕಾಶ

ಮಂದ ಶಾಖದ ಅಡುಗೆಗೆ ವಿದ್ಯುತ್ತೇ ಬೇಕೆಂದಿಲ್ಲ. ಕೇರಳದಲ್ಲಿಯೂ ನಮ್ಮ ಕರಾವಳಿಯ ಜಿಲ್ಲೆಗಳಲ್ಲಿಯೂ ಕುಚ್ಚಲಕ್ಕಿ ಅನ್ನಕ್ಕೆ ಬಳಸುವ ಥರ್ಮಲ್ ಕುಕ್ಕರ್ ಇದಕ್ಕೆ ನಿದರ್ಶನ. ಒಳಗಿನ ಸ್ಟೀಲ್ ಪಾತ್ರೆಯಲ್ಲಿ ಅಕ್ಕಿಯನ್ನು ಒಲೆಯ ಮೇಲೆ ಸ್ವಲ್ಪ ಹೊತ್ತು ಕುದಿಸಿ, ಶಾಖ ಹೊರಹೋಗದಂತೆ ಕಟ್ಟಿದ ಹೊರಪಾತ್ರೆಯೊಳಗೆ ಇಟ್ಟು ಮುಚ್ಚಿದರೆ ಉಳಿದ ಬೇಯುವಿಕೆ ತಾನಾಗಿ ನಡೆಯುತ್ತದೆ. ಕಾಯಿಲ್ ಇಲ್ಲ, ವೋಲ್ಟೇಜಿನ ಚಿಂತೆಯಿಲ್ಲ, ಕರೆಂಟು ಹೋದರೆ ತೊಂದರೆಯಿಲ್ಲ. ಸ್ಟೀಲ್ ಪಾತ್ರೆ ತಯಾರಿಸುವ ಸಣ್ಣ ಘಟಕಗಳಿಗೆ ಬೇಕಾದ ಕೌಶಲ ಈಗಾಗಲೇ ಕೈಯಲ್ಲಿದೆ. ಮುಚ್ಚಳದ ಬಿಗಿ ಮತ್ತು ಶಾಖ ತಡೆಯುವ ಪದರದ ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳದಿದ್ದರೆ, ಹುರುಳಿ, ಗಂಜಿ, ಮೂಳೆ ಸಾರುಗಳಿಗೆ ಹೊಂದುವ ಬೇರೆ ಬೇರೆ ಅಳತೆಗಳನ್ನು ರೂಪಿಸಿ ಕರಾವಳಿಯಾಚೆಗೂ ಮಾರುಕಟ್ಟೆ ಹುಡುಕಬಹುದು. ಅನ್ವಯಿಸುವ ಮಾನಕಗಳ ಬಗ್ಗೆ ತಯಾರಿಕೆಗೆ ಇಳಿಯುವ ಮುನ್ನ ಬೆಂಗಳೂರಿನ ಪೀಣ್ಯದಲ್ಲಿರುವ ಬಿಐಎಸ್ ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ರಾಜ್ಮಾ ಕುರಿತ ಎಚ್ಚರಿಕೆ ಈ ಪಾತ್ರೆಗೂ ಅಷ್ಟೇ ಅನ್ವಯಿಸುತ್ತದೆ.

ರೈವಲ್ ಕಂಪನಿ ಪಾತ್ರೆಯ ಜೊತೆಗೆ ಪುಸ್ತಿಕೆಯನ್ನೂ ಕೊಟ್ಟಿತು. ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ಆ ಪುಸ್ತಿಕೆಯ ಸ್ಥಾನವನ್ನು ತುಂಬಬೇಕಾದದ್ದು ವರ್ತಕರ ಮಾತು. ಐದು ಪ್ರಶ್ನೆ ಕೇಳಿ, ಮೂರು ಎಚ್ಚರಿಕೆ ಹೇಳಲು ಹತ್ತು ನಿಮಿಷ ಸಾಕು. ಹಾಗೆ ಕೇಳಿದ ಮೇಲೆ ಕೆಲವರು ಕೊಳ್ಳದೆ ಹಿಂದಿರುಗಬಹುದು. ಕೊಂಡವರ ಪೆಟ್ಟಿಗೆ ಮಾತ್ರ ಅಂಗಡಿಗೆ ಹಿಂದಿರುಗಲಾರದು, ಅವರ ಮನೆಯ ಊಟದಿಂದ ಯಾರೂ ಆಸ್ಪತ್ರೆ ಸೇರಲಾರರು.